ಆರನೇ ಲೈನಿನ ನಾಲ್ಕು ದಿನ

ಈ ವಿಷಯವನ್ನು ಬರೆಯಲು ನನಗಿಂತ ಹೆಚ್ಚು ತಿಳಿದವರು ನಮ್ಮ ಕಚೇರಿಯಲ್ಲೇ ನಾಲ್ಕು ಮಂದಿ ಇದ್ದಾರೆ. ಅವರೆಲ್ಲ ಹಗಲು ಕಾಲೇಜಿನಲ್ಲಿ ಓದಿದವರು. ನಾನು ಹಗಲಿಡೀ ಊದುಬತ್ತಿ ಪ್ಯಾಕ್ ಮಾಡಿ, ಬೆರಳಿನ ವಾಸನೆ ಹೋಗುವ ಮುನ್ನವೇ ಸಂಜೆ ತರಗತಿಯಲ್ಲಿ ಕೀಲಿಮಣೆ ಒತ್ತಲು ಕಲಿತವಳು. ಯಂತ್ರದ ಬಗ್ಗೆ ನಾನು ಹೇಳುವುದರಲ್ಲಿ ತಪ್ಪಿದ್ದರೆ ದಯವಿಟ್ಟು ಕ್ಷಮಿಸಬೇಕು. ಆದರೆ ಆ ಯಂತ್ರದ ಮುಂದೆ ಕೂತು ತಪ್ಪು ಮಾಡಿದವಳು ನಾನೇ. ಹಾಗಾಗಿ ಬೇರೆಯವರು ಹೇಳುವುದಕ್ಕಿಂತ ನಾನು ಹೇಳುವುದೇ ಸರಿಯೆಂದು ಧೈರ್ಯ ಮಾಡಿದ್ದೇನೆ.

ನಮ್ಮ ಊರು ಹೊನ್ನಕುಂಟೆ. ಚಿನ್ನ ಮುಗಿದು ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು. ನೆಲದ ಕೆಳಗಿನ ಸುರಂಗಗಳು ಹಾಗೇ ಇವೆ, ಅವುಗಳ ಮೇಲೆ ಕಂಪನಿ ಕಟ್ಟಿಸಿದ್ದ ಹನ್ನೊಂದು ಲೈನ್ ಮನೆಗಳೂ ಹಾಗೇ ಇವೆ. ಒಂದೊಂದು ಲೈನಿಗೆ ಮೂವತ್ತೆಂಟು ಮನೆ, ಒಂದೇ ಗೋಡೆ, ಒಂದೇ ನಲ್ಲಿ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಒಂಬತ್ತನೇ ಲೈನಿನ ನಲ್ಲಿಕಟ್ಟೆ, ಅಲ್ಲಿ ಬಟ್ಟೆ ಒಗೆಯುತ್ತಿದ್ದ ಮೂವರು ಹೆಂಗಸರ ಸಮೇತ ಕೆಳಗೆ ಹೋಯಿತು. ಆಮೇಲೆಯೇ ನಮ್ಮಲ್ಲಿಗೆ ನೆಲ ಕಾಯುವ ಕೇಂದ್ರ ಬಂದದ್ದು, ಸಂಜೆ ತರಗತಿಯ ಸರ್ಟಿಫಿಕೇಟ್ ಇದ್ದ ನನಗೆ ಅಲ್ಲಿ ಸಹಾಯಕಿಯ ಕೆಲಸ ಸಿಕ್ಕಿದ್ದು.

ಕೇಂದ್ರದಲ್ಲಿ ನಾವು ಬಳಸುವ ವ್ಯವಸ್ಥೆಯ ಹೆಸರು ನೆಲನೋಟ. ಆಕಾಶದಲ್ಲಿ ಸುತ್ತುವ ರೇಡಾರುಗಳು ದಿನಕ್ಕೊಮ್ಮೆ ನಮ್ಮ ಊರಿನ ಪ್ರತಿ ಅಂಗೈಯಗಲ ನೆಲವನ್ನೂ ನೋಡುತ್ತವೆ. ನಿನ್ನೆಗಿಂತ ಇಂದು ಕೂದಲೆಳೆಯಷ್ಟು ಇಳಿದಿದ್ದರೂ ಅವಕ್ಕೆ ತಿಳಿಯುತ್ತದೆ. ಆದರೆ ತಾವಾಗಿ ಹೇಳುವುದಿಲ್ಲ. ನಾವು ಒಂದು ಆಜ್ಞಾಪಟ್ಟಿ ಬರೆಯಬೇಕು: ನಿನ್ನೆಯ ಚಿತ್ರ ತೆಗೆದುಕೋ, ಇಂದಿನದರಿಂದ ಕಳೆ, ಆರನೇ ಲೈನಿನಲ್ಲಿ ಎಷ್ಟು ಇಳಿದಿದೆ ನೋಡು. ಹೀಗೆ ಬರೆದರೂ ಅದು ಏನನ್ನೂ ಮಾಡುವುದಿಲ್ಲ. ಬರೆದದ್ದು ಬರೀ ಅಡುಗೆ ಮಾಡುವ ವಿಧಾನ, ಒಲೆ ಇನ್ನೂ ಹಚ್ಚಿಲ್ಲ. ಕೊನೆಯಲ್ಲಿ 'ಪ್ರಿಂಟ್' ಎಂದು ಬರೆದು ಕನ್ಸೋಲಿನಲ್ಲಿ ತೋರಿಸು ಎಂದು ಕೇಳಿದಾಗ ಮಾತ್ರ ದೂರದ ಯಂತ್ರಗಳು ಲೆಕ್ಕ ಹಾಕಿ ಉತ್ತರ ಕಳಿಸುತ್ತವೆ. ಕನ್ಸೋಲ್ ಎಂದರೆ ಪರದೆಯ ಬಲಗಡೆಯ ಒಂದು ಬಿಳಿ ಕಿಟಕಿ, ಅಷ್ಟೆ. ಕಾಗದಕ್ಕೂ ಇದಕ್ಕೂ ಸಂಬಂಧವಿಲ್ಲ.

"ದಿನಾ ಪ್ರಿಂಟ್ ಮಾಡ್ದೆ ಪ್ರಿಂಟ್ ಮಾಡ್ದೆ ಅಂತೀಯ, ಒಂದು ಹಾಳೆನೂ ಮನೆಗೆ ತಂದು ತೋರ್ಸಿಲ್ವಲ್ಲೇ" ಎಂದು ನನ್ನ ಅಕ್ಕ ಮುನಿತಾಯಮ್ಮ ಛೇಡಿಸುತ್ತಿದ್ದಳು. ನಾವಿಬ್ಬರೂ ಆರನೇ ಲೈನಿನ ಹದಿನಾಲ್ಕನೇ ಮನೆಯಲ್ಲಿದ್ದೆವು. ಅವಳು ರವಿಕೆ ಹೊಲಿಯುತ್ತಾಳೆ. ನನ್ನನ್ನು ಸಾಕಿದವಳು ಅವಳೇ.

ಇನ್ನೊಂದು ನಿಯಮವನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇಡೀ ಭೂಮಿಯನ್ನು ದಿನಾ ನೋಡಿ ಕೂಡಿಡುತ್ತ ಹೋದರೆ ಎಷ್ಟು ವಿದ್ಯುತ್ ಇದ್ದರೂ ಸಾಲದು. ಆದ್ದರಿಂದ ಯಾರಾದರೂ ಕೇಳಿದ ಜಾಗದ ಲೆಕ್ಕವನ್ನು ಮಾತ್ರ ಉಳಿಸುತ್ತಾರೆ. ಏಳು ದಿನ ಕಾಯುತ್ತಾರೆ. ಅಷ್ಟರಲ್ಲಿ ಯಾರೂ ಪ್ರಿಂಟ್ ಕೇಳದಿದ್ದರೆ ಆ ದಿನದ ಚಿತ್ರ ಶಾಶ್ವತವಾಗಿ ಅಳಿಸಿಹೋಗುತ್ತದೆ. ನಿಯಮ ಓದಿದಾಗ ನನಗೆ ಅದು ನ್ಯಾಯವಾಗಿಯೇ ಕಂಡಿತ್ತು. ಬೇಡದ್ದನ್ನು ಯಾಕೆ ಇಡಬೇಕು?

ಈಗ ನನ್ನ ತಪ್ಪಿನ ವಿಷಯ.

ಸಂಜೆ ತರಗತಿಯಲ್ಲಿ ನಮಗೆ ಪಾಠ ಮಾಡಿದವರು ಕುಮುದಾ ಮೇಡಂ. ಕಲಿಯುವಾಗ ಎಷ್ಟು ಬೇಕಾದರೂ ಪ್ರಿಂಟ್ ಮಾಡಿ ನೋಡಿಕೊಳ್ಳಿ, ಆದರೆ ಪರೀಕ್ಷೆಗೆ ಒಪ್ಪಿಸುವಾಗ ಒಂದು ಪ್ರಿಂಟ್ ಸಾಲೂ ಉಳಿದಿರಬಾರದು ಎನ್ನುತ್ತಿದ್ದರು. ಉಳಿದಿದ್ದರೆ ಸಾಲಿಗೊಂದರಂತೆ ಅಂಕ ಕಳೆಯುತ್ತಿದ್ದರು. "ಹೊಲಿದ ಮೇಲೆ ಕಚ್ಚಾ ದಾರ ಕೀಳಲ್ವಾ? ಹಾಗೇ ಇದು" ಎಂಬುದು ಅವರ ಮಾತು. ನನಗೆ ಅಂಕ ಕಳೆದುಕೊಳ್ಳುವ ಭಯ ಬಹಳ. ಒಪ್ಪಿಸುವ ಮುನ್ನ ಮೂರು ಸಲ ಹುಡುಕಿ ಪ್ರತಿ ಪ್ರಿಂಟ್ ಸಾಲಿನ ಮುಂದೆ ಎರಡು ಓರೆಗೆರೆ ಹಾಕುತ್ತಿದ್ದೆ. ಹಾಗೆ ಗೆರೆ ಹಾಕಿದ ಸಾಲನ್ನು ಯಂತ್ರ ಓದುವುದಿಲ್ಲ.

ಕೇಂದ್ರಕ್ಕೆ ವಾರ್ಷಿಕ ತಪಾಸಣೆ ಬಂತು. ನಮ್ಮ ಮೇಲಿನ ಎಂಜಿನಿಯರ್ ಅನಂತಶಯನ ಸರ್ ಕಡತ ತೆಗೆದುಕೊಂಡು ಮುಖ್ಯ ಕಚೇರಿಗೆ ಹೊರಟಾಗ, "ಅಮರಾವತಿ, ಆಜ್ಞಾಪಟ್ಟಿ ಎಲ್ಲ ಅಚ್ಚುಕಟ್ಟಾಗಿರಲಿ" ಎಂದರು. ನಾನು ಅಚ್ಚುಕಟ್ಟು ಮಾಡಿದೆ. ಹನ್ನೊಂದು ಲೈನಿಗೆ ಹನ್ನೊಂದು ಪ್ರಿಂಟ್ ಸಾಲಿದ್ದವು. ಹನ್ನೊಂದರ ಮುಂದೆಯೂ ಎರಡೆರಡು ಗೆರೆ ಎಳೆದೆ.

ಪಟ್ಟಿ ಬೆಳಿಗ್ಗೆ ಆರಕ್ಕೆ ತಾನಾಗಿ ಓಡುತ್ತದೆ. ತಪ್ಪಿಲ್ಲದೆ ಓಡಿದರೆ ಹಸಿರು ಗುರುತು ಬರುತ್ತದೆ. ಒಂದೇ ಲೈನು ಇಪ್ಪತ್ತು ದಿನ ಬಿಡದೆ ಇಳಿದರೆ ಹಳದಿ, ಮೂವತ್ತು ದಿನ ಇಳಿದರೆ ಕೆಂಪು. ಕೆಂಪು ಬಂದರೆ ಎಂಜಿನಿಯರ್ ಸಹಿ ಹಾಕಿ ಆ ಲೈನನ್ನು ಖಾಲಿ ಮಾಡಿಸಬೇಕು. ನಾನು ಹನ್ನೊಂದು ದಿನ ಹಸಿರು ಗುರುತು ನೋಡಿದೆ, ಖಾಲಿ ಕನ್ಸೋಲ್ ನೋಡಿದೆ, ಎಲ್ಲ ಶುಚಿಯಾಗಿದೆ ಅಂದುಕೊಂಡೆ. ತಪ್ಪಿಲ್ಲದೆ ಓಡಿತ್ತು, ನಿಜ. ಯಾರೂ ಏನನ್ನೂ ಕೇಳದಿದ್ದ ಮೇಲೆ ತಪ್ಪು ಎಲ್ಲಿಂದ ಬರಬೇಕು?

ಹನ್ನೆರಡನೆಯ ದಿನ ಬೆಳಿಗ್ಗೆ ನಮ್ಮ ಮನೆಯ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ನಾನು, ಅಕ್ಕ ಇಬ್ಬರೂ ಎಳೆದೆವು. ಕೊನೆಗೆ ಅಕ್ಕ ಕಿಟಕಿಯಿಂದ ಕೂಗಿ ಬಡಗಿ ಮೂರ್ತಾಚಾರಿಯನ್ನು ಕರೆಸಿದಳು. ನಮ್ಮ ಲೈನುಗಳಲ್ಲಿ ಗೋಡೆ ಕಂಪನಿಯದು, ಸೂರು ಕಂಪನಿಯದು, ಬಾಗಿಲು ಮಾತ್ರ ನಮ್ಮದು. ಗಣಿಯೊಳಗೆ ಆಸರೆಗೆ ನಿಲ್ಲಿಸಿದ್ದ ಹಳೆಯ ಮರದಲ್ಲಿ ತಾತಂದಿರು ಮಾಡಿಸಿಕೊಂಡದ್ದು. ನೆಲ ಜರುಗಿದಾಗ ಚೌಕಟ್ಟು ಓರೆಯಾಗಿ ಬಾಗಿಲು ಹಿಡಿದುಕೊಳ್ಳುತ್ತದೆ. ಮೂರ್ತಾಚಾರಿ ಬಂದು ಮರ ಹೆರೆಯುವ ಹತ್ತರಿಯಿಂದ ಒಂದು ನೂಲು, ಎರಡು ನೂಲು ಕೀಸಿ ಸರಿಮಾಡುತ್ತಾನೆ. ನೂಲು ಎಂದರೆ ಬಡಗಿಗಳ ಅಳತೆ, ಇಂಚಿನ ಎಂಟನೇ ಒಂದು ಪಾಲು. ಕೀಸಿದಾಗಲೆಲ್ಲ ಬಾಗಿಲ ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಖು, ಎಷ್ಟು ನೂಲು ಎಂದು ಗುರುತು ಹಾಕುತ್ತಾನೆ. ಇಲ್ಲದಿದ್ದರೆ ಕೀಸಿ ಕೀಸಿ ಒಂದು ದಿನ ಬಾಗಿಲೇ ಮುಗಿದುಹೋಗುತ್ತದೆ ಎಂದು ಅವನ ಲೆಕ್ಕ.

"ಏನಮ್ಮಾ ಮುನಿತಾಯಿ, ಈ ತಿಂಗಳು ನಿಮ್ಮ ಬಾಗ್ಲಿಗೆ ಮೂರ್ನೇ ಸಲ ಬರ್ತಾ ಇದೀನಿ" ಎಂದ ಆಚಾರಿ. "ಈ ಸಾಲ್ನಾಗೆ ಒಂಬತ್ತು ಬಾಗ್ಲು ಹಿಂಗೇ ಆಗವೆ."

"ನಮ್ಮನೇಲೇ ಆಪೀಸರ್ ಅವ್ಳಲ್ಲ, ಕೇಳು" ಎಂದಳು ಅಕ್ಕ. "ಏನೇ ಅಮ್ರಾ, ನಿನ್ನ ಕಂಪ್ಯೂಟರ್ ಏನಂತೈತೆ?"

"ಹಸಿರು ಬಂದೈತೆ ಅಕ್ಕ. ದಿನಾ ಹಸಿರೇ."

"ಹಸಿರಂತೆ! ಬಾಗ್ಲು ಕಿತ್ಕೊಂಡು ಹೋಗಿ ಅದ್ರ ಮುಂದೆ ನಿಲ್ಸು. ಆಗ್ಲೂ ಹಸಿರು ಅಂತೈತಾ ನೋಡಾನ."

ಕಚೇರಿಯ ಬಸ್ಸಿನಲ್ಲಿ ಕೂತಾಗ ನಾನು ಎಳೆದಿದ್ದ ಆ ಗೆರೆಗಳು ನೆನಪಾದವು. ಬಸ್ಸು ನಿಲ್ಲುವ ಮೊದಲೇ ಇಳಿದು ಓಡಿದೆ.

ಆ ದಿನ ಕಚೇರಿಯಲ್ಲಿ ನಾನು ಪಟ್ಟ ಪಾಡನ್ನು ಹೇಗೆ ಹೇಳಲಿ? ಗೆರೆ ಅಳಿಸಿ ಪ್ರಿಂಟ್ ಒತ್ತಿದೆ. ಅಂದಿನ ಉತ್ತರ ಬಂತು: ಆರನೇ ಲೈನು, ನಿನ್ನೆಗಿಂತ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಇಳಿದಿದೆ. ದಿನಚರಿ ತೆಗೆದು ನೋಡಿದೆ. ನಾನು ಗೆರೆ ಎಳೆಯುವ ಮುಂಚೆ ಆರನೇ ಲೈನು ಹದಿನಾರು ದಿನ ಬಿಡದೆ ಇಳಿದಿತ್ತು. ಹಳದಿಗೆ ನಾಲ್ಕೇ ದಿನ ಬಾಕಿ ಇದ್ದಾಗ ನಾನು ಅದರ ಬಾಯಿ ಮುಚ್ಚಿದ್ದೆ. ಹಿಂದಿನ ಹನ್ನೊಂದು ದಿನಗಳನ್ನು ಒಟ್ಟಿಗೆ ಕೇಳಿದೆ. 'ವಸ್ತುಗಳ ಸಂಖ್ಯೆ ಮಿತಿ ಮೀರಿದೆ' ಎಂದಿತು. ಎರಡೆರಡು ದಿನ ಕೇಳಿದೆ. 'ಸಮಯ ಮೀರಿದೆ' ಎಂದಿತು. ಒಂದೊಂದಾಗಿ ಕೇಳಿದೆ. ಇತ್ತೀಚಿನ ಏಳು ದಿನಗಳು ಬಂದವು, ಏಳರಲ್ಲೂ ಇಳಿತ. ಅದಕ್ಕೂ ಹಿಂದಿನ ನಾಲ್ಕು ದಿನ, ಅಂದರೆ ಇಳಿತದ ಎಣಿಕೆಯಲ್ಲಿ ಹದಿನೇಳನೇ ದಿನದಿಂದ ಇಪ್ಪತ್ತನೇ ದಿನದವರೆಗೆ, 'ಇಲ್ಲ' ಎಂದು ಬಂತು.

ಸೊನ್ನೆ ಎಂದು ಬಂದಿದ್ದರೆ ನೆಲ ಅಲುಗಾಡಿಲ್ಲ ಎಂದರ್ಥ. 'ಇಲ್ಲ' ಎಂದರೆ ಯಾರೂ ನೋಡಲಿಲ್ಲ ಎಂದರ್ಥ. ನಾನು ಬಿಡಲಿಲ್ಲ. ಪಕ್ಕದ ಲೈನು ಸೇರಿಸಿ ಕೇಳಿದೆ, ಇಡೀ ಊರು ಕೇಳಿದೆ, ರೈಲು ದಾರಿಯ ಕಡೆಯಿಂದ ಯಾರಾದರೂ ಬೇರೆಯವರು ಕೇಳಿರಬಹುದೇ ಎಂದು ಹುಡುಕಿದೆ. ಇಲ್ಲ. ಇಲ್ಲ. ಇಲ್ಲ. ಊಟದ ಡಬ್ಬಿ ಬಿಚ್ಚಲಿಲ್ಲ. ಕನ್ಸೋಲಿನ ತುಂಬ ಒಂದೇ ಮಾತು. ಪರದೆಗೆ ಹೊಡೆಯಬೇಕೆನಿಸಿತು. ಪಕ್ಕದ ಮೇಜಿನವರು ನೋಡುತ್ತಾರೆಂದು ಕೈ ಮಡಿಲಲ್ಲಿಟ್ಟುಕೊಂಡೆ.

ಅನಂತಶಯನ ಸರ್ ಮಧ್ಯಾಹ್ನ ಮುಖ್ಯ ಕಚೇರಿಯಿಂದ ವಾಪಸ್ ಬಂದರು. ಕೆಟ್ಟವರಲ್ಲ. ಆದರೆ ನಿಯಮದಿಂದ ಆಚೀಚೆ ಸರಿಯುವವರಲ್ಲ.

"ಸರ್, ಒಂದು ಲೈನು ಇಳೀತಾ ಇದ್ದು, ನಡುವೆ ನಾಲ್ಕು ದಿನದ ಲೆಕ್ಕ ಸಿಗದೆ ಹೋದರೆ..."

"ನಿಂತುಹೋದ ಹಾಗೆ. ಮತ್ತೆ ಒಂದರಿಂದ ಎಣಿಸಬೇಕು."

"ಆದರೆ ಆಚೆಗೂ ಈಚೆಗೂ ಇಳೀತಾ ಇದೆ ಅಂತ ಗೊತ್ತಿದ್ದರೆ ಸರ್?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹೋದ ವರ್ಷ ಪಕ್ಕದ ತಾಲ್ಲೂಕಿನಲ್ಲಿ ಅಂದಾಜಿನ ಮೇಲೆ ಖಾಲಿ ಮಾಡಿಸಿದರು. ನೆಲ ಬೀಳಲಿಲ್ಲ. ಜನ ಕೋರ್ಟಿಗೆ ಹೋದರು. ಈಗ ಎಲ್ಲರಿಗೂ ಒಂದೇ ಮಾತು. ಕನ್ಸೋಲಿನಲ್ಲಿ ಮೂವತ್ತು ಸಾಲು ಇದ್ದರೆ ಸಹಿ ಹಾಕ್ತೇನೆ. ಇಪ್ಪತ್ತೊಂಬತ್ತಿದ್ದರೆ ಹಾಕಲ್ಲ."

"ಸರ್, ಅದು ಆರನೇ ಲೈನು. ತಪ್ಪು ನನ್ನಿಂದ..."

"ಅಮರಾವತಿ" ಎಂದು ಅವರು ಕೈ ಎತ್ತಿದರು. "ನೀವು ಹೇಳಿಬಿಟ್ಟರೆ ನಾನು ಬರೆದುಕೊಳ್ಳಬೇಕಾಗುತ್ತೆ. ಯೋಚನೆ ಮಾಡಿ ಹೇಳಿ."

ನಾನು ಹೇಳಲಿಲ್ಲ. ಎಣಿಸಿಕೊಂಡೆ. ಆ ನಾಲ್ಕು ದಿನ ಇದ್ದಿದ್ದರೆ ಅಂದಿಗೆ ಇಪ್ಪತ್ತೆಂಟು ಆಗುತ್ತಿತ್ತು, ಎರಡೇ ದಿನ ಬಾಕಿ. ಇಲ್ಲದಿದ್ದರೆ ಬರೀ ಎಂಟು, ಇನ್ನೂ ಇಪ್ಪತ್ತೆರಡು ದಿನ. ಇಪ್ಪತ್ತೆರಡು ದಿನ ಮೂವತ್ತೆಂಟು ಮನೆಗಳವರು ಆ ನೆಲದ ಮೇಲೆ ಅಡುಗೆ ಮಾಡಿ, ನಲ್ಲಿಗೆ ಸಾಲು ನಿಂತು, ಮಲಗಬೇಕು. ಒಂಬತ್ತನೇ ಲೈನಿನ ನಲ್ಲಿಕಟ್ಟೆ ಕೆಳಗೆ ಹೋಗುವ ಮುಂಚೆ ಯಾವ ದಿನವನ್ನೂ ಎಣಿಸಿರಲಿಲ್ಲ.

ಆಗ ಬಂದ ಯೋಚನೆ ನನ್ನದೇ. ಯಾರೂ ಹೇಳಿಕೊಡಲಿಲ್ಲ. ಒಂದು ದಿನದ ಲೆಕ್ಕದ ಕಟ್ಟಿಗೆ ಯಂತ್ರದ ಭಾಷೆಯಲ್ಲಿ ವಸ್ತು ಎನ್ನುತ್ತಾರೆ. ಯಂತ್ರ ಲೆಕ್ಕ ಹಾಕಿದ ವಸ್ತುವನ್ನು ಪ್ರಿಂಟ್ ಮಾಡಿದರೂ, ನಾನೇ ಕೈಯಲ್ಲಿ ಬರೆದ ವಸ್ತುವನ್ನು ಪ್ರಿಂಟ್ ಮಾಡಿದರೂ ಕನ್ಸೋಲಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. 'ವಸ್ತು, ನಾಲ್ಕು ಗುಣಗಳು' ಎಂಬ ಒಂದು ಸಾಲು, ಅದರ ಪಕ್ಕ ಒಂದು ಸಣ್ಣ ತ್ರಿಕೋನ. ತ್ರಿಕೋನ ಒತ್ತಿದರೆ ಮಾತ್ರ ಒಳಗಿನದು ಬಿಚ್ಚಿಕೊಳ್ಳುತ್ತದೆ: ಲೈನು, ತಾರೀಖು, ಇಳಿತ, ಮೂಲ. ಮೂವತ್ತು ಸಾಲುಗಳ ತ್ರಿಕೋನಗಳನ್ನು ಒಂದೊಂದಾಗಿ ಒತ್ತುವ ತಾಳ್ಮೆ ಯಾರಿಗೂ ಇಲ್ಲ. ನಾನು ಕೆಲಸಕ್ಕೆ ಸೇರಿದಾಗಿನಿಂದ ಸರ್ ಒತ್ತಿದ್ದನ್ನು ನೋಡಿಲ್ಲ.

ಸುಮ್ಮನೆ ಸಂಖ್ಯೆ ಹುಟ್ಟಿಸಲು ಮನಸ್ಸು ಒಪ್ಪಲಿಲ್ಲ. ಸಂಜೆ ಮನೆಗೆ ಬಂದು ಪೆನ್ನು ಪುಸ್ತಕ ಹಿಡಿದು ನಮ್ಮ ಲೈನಿನ ಬಾಗಿಲುಗಳನ್ನು ನೋಡುತ್ತ ಹೊರಟೆ.

"ಏನಮ್ಮಾ, ಬಾಗ್ಲಿಗೂ ಜನಗಣತಿ ಬಂತಾ?" ಎಂದು ಇಪ್ಪತ್ತನೇ ಮನೆಯ ಪಾಪಕ್ಕ ನಕ್ಕಳು. ಒಂಬತ್ತು ಬಾಗಿಲುಗಳಲ್ಲಿ ಆಚಾರಿಯ ಗುರುತುಗಳಿದ್ದವು. ರೇಡಾರಿನ ಲೆಕ್ಕ ಸಿಕ್ಕ ದಿನಗಳಲ್ಲಿ ನೆಲ ಎಷ್ಟು ಇಳಿದಿತ್ತು, ಆ ದಿನಗಳಲ್ಲಿ ಆಚಾರಿ ಬಾಗಿಲುಗಳನ್ನು ಎಷ್ಟು ನೂಲು ಕೀಸಿದ್ದ ಎಂದು ಹೋಲಿಸಿದೆ. ಸುಮಾರಾಗಿ ಹೊಂದಿತು. ಪೂರ್ತಿ ಹೊಂದಿತು ಎಂದು ಹೇಳಲಾರೆ. ಆ ನಾಲ್ಕು ದಿನಗಳಲ್ಲಿ ಅವನು ಐದು ಬಾಗಿಲು ಕೀಸಿದ್ದ. ಅದರಿಂದ ದಿನಕ್ಕಿಷ್ಟು ಎಂದು ನಾಲ್ಕು ಸಂಖ್ಯೆ ತೆಗೆದೆ.

ಮಾರನೆಯ ದಿನ ಅವನ್ನು ವಸ್ತುಗಳಾಗಿ ಬರೆದೆ. ಮೂಲ ಎಂಬಲ್ಲಿ ಬೇರೆ ದಿನಗಳಿಗೆ 'ರೇಡಾರ್' ಎಂದಿತ್ತು. ಈ ನಾಲ್ಕಕ್ಕೆ ನಾನು 'ಬಾಗಿಲು, ಮೂರ್ತಾಚಾರಿ' ಎಂದು ಬರೆದೆ. ಸುಳ್ಳು ಬರೆಯಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಯಾರೂ ಬಿಚ್ಚಿ ನೋಡುವುದಿಲ್ಲವೆಂದು ಗೊತ್ತಿದ್ದೇ ಅಲ್ಲಿಟ್ಟೆ ಎಂಬುದೂ ನನಗೆ ಗೊತ್ತಿತ್ತು.

ಎರಡು ದಿನ ಕಳೆದು ಮೂವತ್ತು ಸಾಲಾಯಿತು. ಸರ್ ನನ್ನ ಮೇಜಿನ ಬಳಿ ಬಂದು ನಿಂತು ಕನ್ಸೋಲ್ ಮೇಲಿನಿಂದ ಕೆಳಗೆ ಎಣಿಸಿದರು. ಮೌಸ್ ಅವರ ಕೈಯಲ್ಲಿತ್ತು. ಹದಿನೇಳನೇ ಸಾಲಿನ ತ್ರಿಕೋನದ ಮೇಲೆ ಬಾಣ ಒಂದು ಕ್ಷಣ ನಿಂತಿತು. ಬಾಣ ಕೆಳಗೆ ಹೋಯಿತು.

"ಮೂವತ್ತು" ಎಂದರು. ಸಹಿ ಹಾಕಿದರು.

ಮೂವತ್ತೆಂಟು ಮನೆಗಳನ್ನು ಖಾಲಿ ಮಾಡಿಸಿ ಊರಾಚೆಯ ಹಳೆಯ ಗೋದಾಮಿಗೆ ಸಾಗಿಸಿದರು. ಲೈನಿನವರು ಮನೆ ಬಿಡುವಾಗ ಬಾಗಿಲು ಬಿಡುವುದಿಲ್ಲ. ಎಲ್ಲರೂ ಕೀಲು ಬಿಚ್ಚಿ ಬಾಗಿಲು ಹೊತ್ತುಕೊಂಡೇ ಹೊರಟರು. ಗೋದಾಮಿನೊಳಗೆ ಸಂಸಾರಕ್ಕೂ ಸಂಸಾರಕ್ಕೂ ನಡುವೆ ಆ ಬಾಗಿಲುಗಳೇ ಗೋಡೆಯಾದವು. ನೀರಿನ ಟ್ಯಾಂಕರ್ ದಿನ ಬಿಟ್ಟು ದಿನ ಬರುತ್ತದೆ. ತಗಡಿನ ಸೂರು ಕಾದು ಮಧ್ಯಾಹ್ನ ಒಳಗಿರಲು ಆಗುವುದಿಲ್ಲ. ಅಕ್ಕನ ಹೊಲಿಗೆ ಯಂತ್ರಕ್ಕೆ ಬೆಳಕಿಲ್ಲ. ಅವಳಿಗೆ ರವಿಕೆ ಕೊಡುತ್ತಿದ್ದವರು ಇಷ್ಟು ದೂರ ಬರುವುದಿಲ್ಲ.

ಮೊದಲ ವಾರ ಎಲ್ಲರೂ ನನ್ನ ಕೈ ಹಿಡಿದು ಬದುಕಿಸಿದೆಯಮ್ಮಾ ಎಂದರು. ಎರಡನೇ ತಿಂಗಳಿಗೆ ಆ ಮಾತು ನಿಂತಿತು.

"ಬಿತ್ತೇನಮ್ಮಾ ನಮ್ಮ ಲೈನು?" ಎಂದು ಪಾಪಕ್ಕ ನಾನು ಬಸ್ಸಿಳಿದ ಕೂಡಲೇ ಕೇಳುತ್ತಾಳೆ.

"ಇಲ್ಲ ಪಾಪಕ್ಕ."

"ಇಳೀತಾನಾದ್ರೂ ಐತಾ?"

ಇದನ್ನು ಯಂತ್ರ ಹೇಳುವುದಿಲ್ಲ. ನೆಲನೋಟದಲ್ಲಿ ಜನ ಇರುವ ಜಾಗಕ್ಕೆ ಮಾತ್ರ ಲೆಕ್ಕದ ಪಾಲು ಕೊಡುತ್ತಾರೆ. ಆರನೇ ಲೈನಿನಲ್ಲಿ ಈಗ ಯಾರೂ ಇಲ್ಲ. ಖಾಲಿಯಾದ ಮಾರನೆಯ ದಿನವೇ ನಾನು ಪ್ರಿಂಟ್ ಒತ್ತಿದೆ. 'ಈ ಸ್ಥಳಕ್ಕೆ ಪಾಲು ಇಲ್ಲ' ಎಂದು ಕೆಂಪಕ್ಷರ ಬಂತು. ದಿನಾ ಒತ್ತುತ್ತೇನೆ, ದಿನಾ ಅದೇ. ಮೂರು ಅರ್ಜಿ ಬರೆದೆ. ವಾಸವಿಲ್ಲದ ಕಟ್ಟಡವೆಂದು ಮೂರೂ ಹಿಂದೆ ಬಂದವು. ಕೇಳುವವರಿಲ್ಲದ ದಿನಗಳು ಏಳೇಳಾಗಿ ಅಳಿಸಿಹೋಗುತ್ತಿವೆ. ಬಾಗಿಲಾದರೂ ಇದ್ದಿದ್ದರೆ ಹಿಡಿದುಕೊಂಡಿದೆಯೇ ಎಂದು ಹೋಗಿ ತಳ್ಳಿ ನೋಡಬಹುದಿತ್ತು. ಅವೂ ಇಲ್ಲಿ ನಿಂತಿವೆ.

ಒಂದು ಭಾನುವಾರ ತಡೆಯಲಾರದೆ ಮೂರ್ತಾಚಾರಿಗೆ ಎಲ್ಲವನ್ನೂ ಹೇಳಿದೆ. ಅವನು ಗೋದಾಮಿನ ಹೊರಗೆ ಬಿಸಿಲಲ್ಲಿ ಕೂತು ಹತ್ತರಿಯ ಅಲಗು ಮಸೆಯುತ್ತಿದ್ದ. ಅಲಗನ್ನು ಉಗುರಿನ ಮೇಲಿಟ್ಟು ಹರಿತ ನೋಡಿದ.

"ನಾನು ಕೀಸಿದ್ದು ಬಾಗ್ಲು ಕಣಮ್ಮಾ, ಭೂಮೀನಲ್ಲ" ಎಂದ. "ಆ ನಾಕು ದಿನ ಜಡಿಮಳೆ ಹಿಡ್ದಿತ್ತಲ್ಲ, ಗ್ಯಾಪ್ನ ಐತಾ ನಿಂಗೆ? ಮರ ನೀರು ಕುಡೀತೈತೆ, ಉಬ್ತೈತೆ. ನೆಲ ಜರುಗಿದ್ರೂ ಬಾಗ್ಲು ಹಿಡೀತೈತೆ, ಮರ ಉಬ್ಬಿದ್ರೂ ಹಿಡೀತೈತೆ."

"ಎರಡ್ರಲ್ಲಿ ಯಾವ್ದು ಅಂತ ಹೆಂಗೆ ಗೊತ್ತಾಗ್ತೈತೆ ಆಚಾರಿ?"

"ಕೀಸೋವಾಗ ಅದ್ನೆಲ್ಲ ಯಾರು ನೋಡ್ತಾರೆ? ಬಾಗ್ಲು ತೆಗೀಬೇಕು, ಅಷ್ಟೇ."

ಅಂದು ಸಂಜೆ ಅಕ್ಕನಿಗೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹೊಲಿಯುತ್ತಿದ್ದ ರವಿಕೆಯಿಂದ ಕಚ್ಚಾ ದಾರ ಎಳೆದು ನೆಲಕ್ಕೆ ಹಾಕಿದಳು.

"ನಾಕು ಸಾಲು ಬಾಗ್ಲಿಂದು ಅಂತ ಹೇಳ್ಬಿಟ್ರೆ ಏನಾಗ್ತೈತೆ?"

"ಆರ್ಡರ್ ರದ್ದಾಗ್ತೈತೆ. ಎಲ್ರೂ ವಾಪಸ್ ಹೋಗ್ಬೌದು. ನನ್ನ ಕೆಲ್ಸ ಹೋಗ್ತೈತೆ."

"ನಿನ್ನ ಕೆಲ್ಸದ ಮಾತು ಬಿಡು. ವಾಪಸ್ ಹೋದ್ಮೇಲೆ ಬಿದ್ರೆ?"

ನಾನು ನೆಲಕ್ಕೆ ಬಿದ್ದ ದಾರ ಎತ್ತಿ ಬೆರಳಿಗೆ ಸುತ್ತಿಕೊಂಡೆ.

"ಹೇಳ್ದೆ ಇದ್ರೆ? ಬೀಳ್ದೇನೇ ನಿಂತಿದ್ರೆ? ಈ ತಗಡಿನ ಕೆಳ್ಗೆ ನಾವು ಸುಮ್ಸುಮ್ನೆ ಬೇಯ್ತಾ ಇದೀವಿ ಅನ್ನು."

"ಗೊತ್ತಿಲ್ಲ ಅಕ್ಕ."

"ಎಲ್ಲದಕ್ಕೂ ಗೊತ್ತಿಲ್ಲ ಅನ್ನಕ್ಕೆ ಸಂಜೆ ಕ್ಲಾಸ್ ಯಾಕೆ ಬೇಕಿತ್ತೇ? ನಾನು ಹೊಲಿಗೆ ಹಾಕ್ಕೊಂಡೇ ಅಂತಿದ್ದೆ" ಎಂದು ಯಂತ್ರದ ಚಕ್ರ ತಿರುಗಿಸಿದಳು. ಅವಳ ಬೆನ್ನ ಹಿಂದೆ ನಮ್ಮ ಬಾಗಿಲು ಒರಗಿತ್ತು, ಅಂಚಿನಲ್ಲಿ ಆಚಾರಿಯ ಪೆನ್ಸಿಲ್ ಗುರುತುಗಳು ಹಾಗೇ ಇದ್ದವು.

ಈಗ ಗೊತ್ತಿಲ್ಲದ್ದನ್ನು ಒಪ್ಪಿಕೊಂಡು ನಿಲ್ಲಿಸುತ್ತೇನೆ. ಆ ನಾಲ್ಕು ದಿನ ಆರನೇ ಲೈನಿನ ನೆಲ ಇಳಿಯಿತೋ, ಬರೀ ಮರ ಉಬ್ಬಿತೋ ನನಗೆ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವಂತಿಲ್ಲ. ಅನಂತಶಯನ ಸರ್ ಆ ತ್ರಿಕೋನವನ್ನು ನಾನಿಲ್ಲದಾಗ ಒತ್ತಿ ನೋಡಿದ್ದರೋ, ನೋಡಿಯೂ ಸಹಿ ಹಾಕಿದರೋ ಗೊತ್ತಿಲ್ಲ. ಕೇಳಲು ಧೈರ್ಯ ಬಂದಿಲ್ಲ. ಮೂವತ್ತೆಂಟು ಸಂಸಾರಗಳನ್ನು ನಾನು ಉಳಿಸಿದೆನೋ, ಹಾಳು ಮಾಡಿದೆನೋ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಬಸ್ಸಿನಿಂದ ನೋಡಿದಾಗ ಆರನೇ ಲೈನು, ಬಾಗಿಲಿಲ್ಲದ ಮೂವತ್ತೆಂಟು ಬಾಯಿ ತೆರೆದುಕೊಂಡು, ನಿಂತೇ ಇತ್ತು. ನಾನು ಕಣ್ಣಾರೆ ನೋಡಿ ಹೇಳಬಲ್ಲದ್ದು ಅಷ್ಟೆ.